ರಿಪೇರಿಗೆ ಬಂದವರೇ ಮನೆ ಕೆಡಿಸಿದರೇ? ದೂರುವ ಮೊದಲು ಮಾಡಬೇಕಾದ ಕೆಲಸಗಳು

ಮಹಡಿಯ ಬಾತ್‌ರೂಮಿನಲ್ಲಿ ಪೈಪು, ನಲ್ಲಿ ಬದಲಾಯಿಸಿ ಕೆಲವು ವಾರಗಳಾಗಿವೆ. ಒಂದು ಬೆಳಿಗ್ಗೆ ನೋಡಿದರೆ ಕೆಳಗಿನ ಹಾಲಿನ ಸೀಲಿಂಗಿನಲ್ಲಿ ಚಪಾತಿಯಷ್ಟು ಅಗಲದ ತೇವದ ಕಲೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಆ ಪ್ಲಂಬರ್ ಏನೋ ಕೆಡಿಸಿಟ್ಟು ಹೋಗಿದಾನೆ."

ಇರಬಹುದು. ಇಲ್ಲದೆಯೂ ಇರಬಹುದು. ಹೀಗೆ ಅನುಮಾನ ಮಾತ್ರ ಇರುವ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆಯೇ ಮುಂದೆ ನಿಮಗೆ ದುಡ್ಡು ವಾಪಸ್ ಬರುತ್ತದೋ ಇಲ್ಲವೋ ನಿಂತಿರುತ್ತದೆ. ಸಾಮಾನ್ಯವಾಗಿ ಆಗುವುದು ಎರಡರಲ್ಲೊಂದು. ಫೋನ್ ಮಾಡಿ ಕೂಗಾಡುತ್ತೇವೆ, ಆತ ಅವತ್ತಿನಿಂದ ಫೋನ್ ಎತ್ತುವುದನ್ನೇ ಬಿಡುತ್ತಾನೆ. ಇಲ್ಲವೇ ಸಿಟ್ಟಿನಲ್ಲಿ ಬೇರೆ ಪ್ಲಂಬರನ್ನು ಕರೆಸುತ್ತೇವೆ. ಆತ ಬಂದವನೇ ಟೈಲ್ಸ್ ಒಡೆದು, ಹಳೇ ಜಾಯಿಂಟ್ ಕತ್ತರಿಸಿ, "ಯಾರ್ರೀ ಈ ಕೆಲಸ ಮಾಡಿದ್ದು" ಎಂದು ಲೊಚಗುಟ್ಟಿ, ಎಲ್ಲವನ್ನೂ ಸಿಮೆಂಟ್ ಚೀಲಕ್ಕೆ ತುಂಬಿ ಬೀದಿಗೆ ಹಾಕುತ್ತಾನೆ. ಸೋರಿಕೆ ನಿಲ್ಲುತ್ತದೆ. ಸೋರಿಕೆಗೆ ಕಾರಣ ಯಾರು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿಯೂ ಅದೇ ಚೀಲದಲ್ಲಿ ಹೋಗುತ್ತದೆ.

ಹಾಗಾಗಿ ಕೆಳಗಿನ ಕ್ರಮದ ತಿರುಳು ಇಷ್ಟೇ: ಹಾನಿ ನಿಲ್ಲಿಸಿ, ದಾಖಲಿಸಿ, ಕಾರಣ ಹುಡುಕಿ, ಆಮೇಲೆ ಮಾತಾಡಿ. ಉದಾಹರಣೆಗೆ ಬಾತ್‌ರೂಮಿನ ಸೋರಿಕೆಯನ್ನೇ ಇಟ್ಟುಕೊಂಡಿದ್ದೇನೆ. ನಮ್ಮ ಮನೆಗಳಲ್ಲಿ ಹೆಚ್ಚು ಜಗಳ ಹುಟ್ಟಿಸುವುದೂ, ಹೆಚ್ಚು ಜನ ತಪ್ಪು ವ್ಯಕ್ತಿಯನ್ನು ದೂರುವುದೂ ಅದರಲ್ಲೇ.

ಮೊದಲು ಹಾನಿ ನಿಲ್ಲಿಸಿ

ತಾರಸಿಗೆ ಹೋಗಿ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪುಗಳನ್ನು ನೋಡಿ. ಎಷ್ಟೋ ಮನೆಗಳಲ್ಲಿ ಒಂದೊಂದು ಬಾತ್‌ರೂಮಿಗೂ ಅಡುಗೆಮನೆಗೂ ಬೇರೆ ಬೇರೆ ಗೇಟ್ ವಾಲ್ವ್ ಇರುತ್ತದೆ. ಅನುಮಾನವಿರುವ ಬಾತ್‌ರೂಮಿನದನ್ನು ಮಾತ್ರ ಮುಚ್ಚಿ. ಸೋಲಾರ್ ಇದ್ದರೆ ಬಿಸಿನೀರಿನ ಲೈನ್ ಬೇರೆಯೇ ಬರುತ್ತದೆ, ಅದನ್ನೂ ಮುಚ್ಚಿ. ನೀರು ಫ್ಯಾನಿನ ಕೊಕ್ಕೆಯಿಂದಲೋ ಲೈಟಿನ ಪಾಯಿಂಟಿನಿಂದಲೋ ತೊಟ್ಟಿಕ್ಕುತ್ತಿದ್ದರೆ ಆ ಕೋಣೆಯ ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಬ್ರೇಕರ್) ಇಳಿಸಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಒದ್ದೆ ವೈರಿನಲ್ಲಿ ಕರೆಂಟ್ ಹಾಗೇ ಇರುತ್ತದೆ.

ಇದರಲ್ಲಿ ಕಾನೂನಿನ ಮಾತೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮಿನ ಪ್ರಕಾರ, ನಷ್ಟವನ್ನು ಲೆಕ್ಕ ಹಾಕುವಾಗ ಅದನ್ನು ತಡೆಯಲು ನಿಮ್ಮ ಕೈಯಲ್ಲಿ ಏನು ಉಪಾಯವಿತ್ತು ಎಂಬುದನ್ನೂ ನೋಡಲಾಗುತ್ತದೆ. "ಅವನೇ ಬಂದು ನೋಡಲಿ" ಎಂದು ಹದಿನೈದು ದಿನ ನೀರು ಹರಿಯಬಿಟ್ಟು, ಕೆಳಗಿನ ವಾರ್ಡ್‌ರೋಬಿನ ಪ್ಲೈವುಡ್ ಉಬ್ಬಿದರೆ ಆ ವಾರ್ಡ್‌ರೋಬಿನ ದುಡ್ಡು ಕೇಳುವ ದಾರಿ ಕಿರಿದಾಗುತ್ತದೆ.

ಆದರೆ ನಿಲ್ಲಿಸುವುದು ಬೇರೆ, ಸರಿಪಡಿಸುವುದು ಬೇರೆ. ವಾಲ್ವ್ ಮುಚ್ಚಿ, ಬಕೆಟ್ ಇಡಿ, ಸಾಮಾನು ಸರಿಸಿ. ಒಡೆಸಬೇಡಿ.

ದಾಖಲೆ: ಒಂದು ಪೆನ್ಸಿಲ್, ಒಂದು ಫೋನ್

ಪೆನ್ಸಿಲ್ ತಗೊಂಡು ಕಲೆಯ ಅಂಚಿನ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಕು, ಸಮಯ ಬರೆಯಿರಿ. ಮರುದಿನ ಕಲೆ ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ತಾರೀಕು. ನೀರು ಬಳಸಿದ ದಿನ ಎಷ್ಟು ಬೆಳೆಯಿತು, ಬಳಸದ ದಿನ ನಿಂತಿತೇ ಎಂಬುದು ಈ ಗೆರೆಗಳಲ್ಲಿ ಕಾಣುತ್ತದೆ. ಯಾವ ವಾದಕ್ಕಿಂತಲೂ ಇದು ಹೆಚ್ಚು ಹೇಳುತ್ತದೆ.

ಫೋಟೋ ತೆಗೆಯುವಾಗ ಒಂದು ದೂರದಿಂದ, ಇಡೀ ಕೋಣೆ ಕಾಣುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಸ್ಕೇಲೋ ಟೇಪೋ ಇಟ್ಟು. ತೊಟ್ಟಿಕ್ಕುತ್ತಿದ್ದರೆ ವಿಡಿಯೋ. ಮೂಲ ಫೋಟೋಗಳನ್ನು ಫೋನಿನಲ್ಲೇ ಉಳಿಸಿಕೊಂಡು ಬೇರೆ ಕಡೆಯೂ ಒಂದು ಪ್ರತಿ ಇಡಿ. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನಾಂಕದಂಥ ವಿವರ ಉಳಿಯುವುದಿಲ್ಲ.

ಇನ್ನು ಹಳೆಯ ಕಾಗದ. ಬಹುತೇಕರ ಬಳಿ ಬಿಲ್ ಇರುವುದಿಲ್ಲ, ಗಾಬರಿ ಬೇಡ. ದುಡ್ಡು ಕಳಿಸಿದ ಯುಪಿಐ ರಸೀದಿ, ಹಾರ್ಡ್‌ವೇರ್ ಅಂಗಡಿಯ ಚೀಟಿ, "ನಾಳೆ ಹತ್ತಕ್ಕೆ ಬರ್ತೀನಿ ಸಾರ್" ಎಂಬ ಮೆಸೇಜ್, ಕೆಲಸ ನಡೆಯುವಾಗ ಮನೆಯವರು ತೆಗೆದ ಯಾವುದೋ ಫೋಟೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಕೆಲಸಕ್ಕೆ ಮೊದಲು ಆ ಸೀಲಿಂಗ್ ಹೇಗಿತ್ತು ಎಂದು ತೋರಿಸುವ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು. ಹಬ್ಬದ, ನಾಮಕರಣದ ಫೋಟೋಗಳ ಹಿನ್ನೆಲೆಯಲ್ಲಿ ಹುಡುಕಿ. ಗೌರಿ ಕೂರಿಸಿದ ಮೂಲೆಯ ಮೇಲೇ ಎಷ್ಟೋ ಸಲ ಸೀಲಿಂಗ್ ಚೆನ್ನಾಗಿ ಸಿಕ್ಕಿರುತ್ತದೆ.

ಇದು ಯಾವ ನೀರು?

ಯಾರ ತಪ್ಪು ಎನ್ನುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಾತ್‌ರೂಮಿನ ಕೆಳಗೆ ಕಾಣುವ ನೀರು ನಾಲ್ಕು ಕಡೆಯಿಂದ ಬಂದಿರಬಹುದು: ಟ್ಯಾಂಕಿನ ಒತ್ತಡದಲ್ಲಿರುವ ಸಪ್ಲೈ ಪೈಪು, ಬಳಸಿದ ನೀರು ಹೋಗುವ ವೇಸ್ಟ್ ಪೈಪು, ನೆಲದ ವಾಟರ್‌ಪ್ರೂಫಿಂಗ್, ಇಲ್ಲವೇ ಬಾತ್‌ರೂಮಿಗೆ ಸಂಬಂಧವೇ ಇಲ್ಲದ ಹೊರಗೋಡೆ ಅಥವಾ ತಾರಸಿಯ ಮಳೆನೀರು. ಕಲೆ ಇರುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದೂ ಇಲ್ಲ. ನೀರು ಸ್ಲ್ಯಾಬಿನ ಮೇಲೆ ಹರಿದು, ವೈರಿನ ಪೈಪಿನೊಳಗೆ ಇಳಿದು, ದೂರದಲ್ಲೆಲ್ಲೋ ತಲೆ ಹಾಕುತ್ತದೆ.

ಸಪ್ಲೈ ಪೈಪಿನ ಪರೀಕ್ಷೆ ಸುಲಭ. ರಾತ್ರಿ ಟ್ಯಾಂಕ್ ತುಂಬಿಸಿ, ಪಂಪು ತಾನಾಗಿ ಓಡದಂತೆ ಆಫ್ ಮಾಡಿ. ಟ್ಯಾಂಕಿನ ಬಾಯಿಯಿಂದ ನೀರಿನ ಮಟ್ಟದವರೆಗೆ ಕೋಲಿನಿಂದ ಅಳೆದು ಬರೆದುಕೊಳ್ಳಿ. ಮನೆಯ ನಲ್ಲಿಗಳೆಲ್ಲ ಬಂದ್. ಬಾತ್‌ರೂಮಿನ ವಾಲ್ವ್ ಮಾತ್ರ ಈ ಒಂದು ರಾತ್ರಿ ತೆರೆದಿರಲಿ, ಕೆಳಗೆ ಬಕೆಟ್ ಇರಲಿ. ಬೆಳಿಗ್ಗೆ ಮಟ್ಟ ಇಳಿದಿದೆಯೇ? ಇಳಿದಿದ್ದರೆ ಮರುರಾತ್ರಿ ಆ ವಾಲ್ವ್ ಮುಚ್ಚಿ ಇದನ್ನೇ ಮಾಡಿ. ಈಗ ಇಳಿಯದಿದ್ದರೆ ನೀರು ಹೋಗುತ್ತಿರುವುದು ಆ ಬಾತ್‌ರೂಮಿನ ಲೈನಿನಲ್ಲೇ. ನಡುವೆ ಒಬ್ಬ ಕಳ್ಳ ಇದ್ದಾನೆ, ಫ್ಲಶ್ ಟ್ಯಾಂಕ್. ಅದರೊಳಗೆ ಸ್ವಲ್ಪ ಬಣ್ಣ ಹಾಕಿ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಮಟ್ಟ ಇಳಿದದ್ದು ಅಲ್ಲಿಂದಲೂ ಇರಬಹುದು. ಫ್ಲಶ್ ಟ್ಯಾಂಕಿಗೆ ನೀರು ಬಿಡುವ ನಲ್ಲಿ ಮುಚ್ಚಿ ಮತ್ತೆ ಅಳೆಯಿರಿ.

ಮಟ್ಟ ಇಳಿಯಲಿಲ್ಲವೇ? ಹಾಗಾದರೆ ಒತ್ತಡದ ಪೈಪು ಸರಿ ಇದೆ, ನೆಲವನ್ನು ನೋಡಬೇಕು. ನೆಲದ ಜಾಲರಿ ತೆಗೆದು, ಪ್ಲಂಬರುಗಳು ನಹಾನಿ ಟ್ರ್ಯಾಪ್ ಅನ್ನುತ್ತಾರಲ್ಲ, ಅದರ ಬಾಯಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಸುತ್ತಿ ಬಿಗಿಯಾಗಿ ತುರುಕಿ. ನೆಲದ ಮೇಲೆ ಒಂದಿಂಚು ಬಣ್ಣದ ನೀರು ನಿಲ್ಲಿಸಿ, ಗೋಡೆಯಲ್ಲಿ ಮಟ್ಟ ಗುರುತು ಮಾಡಿ, 24 ಗಂಟೆ ಬಿಡಿ. ಬಾಗಿಲ ಹೊಸಿಲು ತಗ್ಗಾಗಿದ್ದರೆ ಒದ್ದೆ ಬಟ್ಟೆಯ ಒಡ್ಡು ಕಟ್ಟಿ. ಕೆಳಗೆ ಕಲೆ ಬೆಳೆದರೆ ನೆಲದ ವಾಟರ್‌ಪ್ರೂಫಿಂಗ್ ಅಥವಾ ಟ್ರ್ಯಾಪಿನ ಸುತ್ತಲಿನ ಸಂದು ಸೋತಿದೆ. ಬೆಳೆಯದಿದ್ದರೆ ಬಟ್ಟೆ ಕಿತ್ತು ನೀರೆಲ್ಲ ಒಮ್ಮೆಗೇ ಹೋಗಬಿಡಿ. ಆಮೇಲೆ ಒದ್ದೆಯಾದರೆ ವೇಸ್ಟ್ ಪೈಪಿನ ಜಾಯಿಂಟ್. ಅದೂ ಅಲ್ಲದಿದ್ದರೆ ಕಮೋಡನ್ನು ಹತ್ತಾರು ಸಲ ಫ್ಲಶ್ ಮಾಡಿ ನೋಡಿ.

ಇದೆಲ್ಲಕ್ಕೂ ಮಳೆ ಇಲ್ಲದ ದಿನ ಬೇಕು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮೊದಲು ಕಾಣಿಸಿದ ಕಲೆಯನ್ನು ಪ್ಲಂಬರಿನ ತಲೆಗೆ ಕಟ್ಟುವ ಮೊದಲು ಹೊರಗೋಡೆಯ ಬಿರುಕು ನೋಡಿ. ಬಾತ್‌ರೂಮ್ ಬಳಸದೆಯೂ, ಮಳೆ ಬಂದ ಮರುದಿನ ಕಲೆ ಬೆಳೆದರೆ ಆತನನ್ನು ಬಿಟ್ಟುಬಿಡಿ.

ಈಗ ಫಲಿತಾಂಶವನ್ನು ಆತ ಮುಟ್ಟಿದ ಜಾಗದ ಜೊತೆ ಇಟ್ಟು ನೋಡಿ. ಆತ ಗೋಡೆಯ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಫಿಟ್ಟಿಂಗು) ಮಾತ್ರ ಬದಲಾಯಿಸಿದ್ದು, ಸೋರುತ್ತಿರುವುದು ನೆಲ ಎಂದಾದರೆ ಸಂಬಂಧ ಕಾಣುವುದಿಲ್ಲ. ಟ್ರ್ಯಾಪ್ ಬದಲಾಯಿಸಲು ನೆಲ ಒಡೆದಿದ್ದರೆ ಆ ಸಂದು ಮತ್ತೆ ಮುಚ್ಚುವುದು ಆತನ ಕೆಲಸದ ಭಾಗವೇ. ಸಮಯವೂ ಸುಳಿವು ಕೊಡುತ್ತದೆ. ಒತ್ತಡದ ಪೈಪಿನ ಕೆಟ್ಟ ಜಾಯಿಂಟ್ ಬಹುತೇಕ ಬೇಗನೆ ಬಯಲಾಗುತ್ತದೆ. ನೆಲದಿಂದ ಇಳಿಯುವ ನೀರು ಕಾಣಿಸಲು ವಾರ, ತಿಂಗಳು ಹಿಡಿಯುತ್ತದೆ.

ಒಡೆಯುವಾಗ ಇಬ್ಬರೂ ಇರಬೇಕು

ಸಾಧ್ಯವಾದಷ್ಟೂ ಕೆಲಸ ಮಾಡಿದವನ ಎದುರಿಗೇ ಒಡೆಸಿ. ಕರೆದರೂ ಬಾರದಿದ್ದರೆ ದಿನ, ಹೊತ್ತು ಹೇಳಿ ಮೆಸೇಜ್ ಹಾಕಿ, ಆ ಹೊತ್ತಿಗೆ ನೆರೆಯವರೊಬ್ಬರನ್ನು ನಿಲ್ಲಿಸಿಕೊಂಡು, ವಿಡಿಯೋ ಮಾಡುತ್ತಾ ಒಡೆಸಿ. ತೆಗೆದ ಪೈಪಿನ ತುಂಡು, ಎಲ್ಬೋ (ಪೈಪು ತಿರುಗುವ ಕಡೆ ಹಾಕುವ ಬಾಗಿದ ಫಿಟ್ಟಿಂಗು), ನಲ್ಲಿ ಯಾವುದನ್ನೂ ಎಸೆಯಬೇಡಿ. ಕವರಿಗೆ ಹಾಕಿ ತಾರೀಕು ಬರೆದಿಡಿ.

ಆ ತುಂಡು ತುಂಬಾ ಹೇಳುತ್ತದೆ. ಕೆನೆಬಣ್ಣದ ಸಿಪಿವಿಸಿ ಪೈಪು (ಬಿಸಿನೀರಿಗೂ ತಾಳುವ ಪ್ಲಾಸ್ಟಿಕ್ ಪೈಪು) ಫಿಟ್ಟಿಂಗಿನೊಳಗೆ ತಳದವರೆಗೆ ಹೋಗಿ ಕೂರಬೇಕು. ಕಳಚಿದ ಪೈಪಿನ ತುದಿ ನೋಡಿ: ಸಾಲ್ವೆಂಟ್ ಸಿಮೆಂಟಿನ, ಅಂದರೆ ಪೈಪು ಅಂಟಿಸುವ ಗಮ್ಮಿನ, ಗುರುತು ಅರ್ಧಕ್ಕೇ ನಿಂತಿದೆಯೇ, ಒಂದು ಮಗ್ಗುಲಲ್ಲಿ ಬಳಿದೇ ಇಲ್ಲವೇ? ಹಾಗಿದ್ದರೆ ಅದು ಕೈಯ ತಪ್ಪು. ನಲ್ಲಿಯನ್ನು ತಿರುಗಿಸಿ ಕೂರಿಸುವ ಫಿಟ್ಟಿಂಗು ಉದ್ದಕ್ಕೆ ಸೀಳಿದ್ದರೆ, ಟೆಫ್ಲಾನ್ ಟೇಪ್ ವಿಪರೀತ ಸುತ್ತಿ ಪಾನಾ ಹಾಕಿ ಮಿತಿಮೀರಿ ಬಿಗಿ ಮಾಡಿರುವ ಸಾಧ್ಯತೆ ಹೆಚ್ಚು. ಗೀಸರಿನ ಬಿಸಿನೀರಿನ ಲೈನಿಗೆ ತಣ್ಣೀರಿನ ಬಿಳಿ ಪಿವಿಸಿ ಪೈಪು ಹಾಕಿದ್ದರೆ ಅದು ಮೆತ್ತಗಾಗಿ ಬಾಗುತ್ತದೆ, ಜಾಯಿಂಟ್ ಬಿಡುತ್ತದೆ. ಪೈಪಿನಲ್ಲಿ ಅಂಚು ಚೊಕ್ಕವಾದ ಗುಂಡು ತೂತಿದ್ದರೆ ಡ್ರಿಲ್ ಹೊಡೆದವರು ಯಾರು ಎಂದು ನೆನಪಿಸಿಕೊಳ್ಳಿ. ಕನ್ನಡಿ ತೂಗುಹಾಕಿದವನು ಪ್ಲಂಬರ್ ಆಗಿರಲಿಕ್ಕಿಲ್ಲ.

ಹಳೆಯ ಮನೆಗಳ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕಥೆ ಬೇರೆ. ಒಳಗಿನಿಂದ ತುಕ್ಕು ತಿಂದು ಗೋಡೆ ತೆಳುವಾಗಿರುತ್ತದೆ. ಹೊಸ ನಲ್ಲಿ ಕೂರಿಸಲು ಹಳೆಯದನ್ನು ಬಿಚ್ಚಿದಾಗ ಗೋಡೆಯೊಳಗಿನ ಎಲ್ಬೋ ಅಲುಗಿ ಬಾಯಿ ಬಿಡುತ್ತದೆ. ಪೈಪು ಹಳತಾಗಿದ್ದು ಮನೆಯ ದೋಷ, ಅಲುಗಾಡಿಸಿದ್ದು ಆತನ ಕೈ. ನನ್ನ ಲೆಕ್ಕದಲ್ಲಿ ಇಲ್ಲಿ ನಿರ್ಧಾರವಾಗುವುದು ಒಂದು ಮಾತಿನ ಮೇಲೆ: "ಸಾರ್, ಲೈನ್ ಹಳೇದು, ಬಿಚ್ಚಿದ್ರೆ ಒಡೀಬಹುದು" ಎಂದು ಆತ ಮೊದಲೇ ಹೇಳಿದ್ದನೇ? ಹೇಳಿಯೂ ನೀವು "ಪರವಾಗಿಲ್ಲ ಮಾಡಿ" ಅಂದಿದ್ದರೆ ಖರ್ಚು ನಿಮ್ಮದು. ಹೇಳದೆ ಕೈ ಹಾಕಿದ್ದರೆ ಅರ್ಧರ್ಧ ಕೇಳುವುದು ನ್ಯಾಯ.

ಇಬ್ಬರ ನಡುವೆ ಒಪ್ಪಿಗೆ ಬಾರದಿದ್ದರೆ ಮೂರನೆಯವರ ಅಭಿಪ್ರಾಯ ಬೇಕಾಗುತ್ತದೆ. ರಿಪೇರಿ ಗುತ್ತಿಗೆ ಸಿಗುವ ಆಸೆಯಿರುವ ಇನ್ನೊಬ್ಬ ಪ್ಲಂಬರನ್ನು ಇದಕ್ಕೆ ಕರೆಯಬೇಡಿ. ಒಬ್ಬ ಸಿವಿಲ್ ಇಂಜಿನಿಯರಿಗೆ ನೋಡಿದ್ದಕ್ಕಷ್ಟೇ ಫೀಸು ಕೊಟ್ಟು, ಏನು ಕಂಡಿತು, ಕಾರಣ ಏನಿರಬಹುದು ಎಂದು ಲೆಟರ್‌ಹೆಡ್ಡಿನಲ್ಲಿ ತಾರೀಕು ಹಾಕಿ ಬರೆಸಿಕೊಳ್ಳಿ. "ಮೊದಲೇ ಹೇಳಿಬಿಡ್ತೀನಿ, ರಿಪೇರಿ ಕೆಲಸ ನಿಮಗೆ ಕೊಡಲ್ಲ" ಎಂದು ಹೇಳಿಯೇ ಕರೆಯುವುದು ಒಳ್ಳೆಯದು.

ನೀರಲ್ಲದ ಹಾನಿಗಳು

ಎಲೆಕ್ಟ್ರಿಷಿಯನ್ ಬಂದು ಹೋದಮೇಲೆ ಟಿವಿ, ಫ್ರಿಜ್ಜು ಸುಟ್ಟರೆ ಮೊದಲು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನ, ಬಗ್ಗೆ ಕೇಳಿ. ತ್ರೀ ಫೇಸ್ ಮನೆಯಲ್ಲಿ ನ್ಯೂಟ್ರಲ್ ಸಡಿಲವಾದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರಕ್ಕೂ ಏರಬಹುದು. ಒಂದು ಕೋಣೆಯ ಲೈಟು ಕಣ್ಣು ಕುಕ್ಕುವಂತೆ ಉರಿದು ಇನ್ನೊಂದರದ್ದು ಮಂಕಾಗುವುದು ಅದರ ಗುರುತು, ಕೂಡಲೇ ಮೇನ್ ಇಳಿಸಿ. ಪಕ್ಕದ ಮನೆಯಲ್ಲೂ ಹಾಗೇ ಆಗಿದೆಯೇ ವಿಚಾರಿಸಿ. ಆಗಿದ್ದರೆ ದೋಷ ಕಂಬದ ಕಡೆಯದು, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ನಿಮ್ಮ ಮನೆಯಲ್ಲಿ ಮಾತ್ರ ಆಗಿದ್ದರೆ ಮೀಟರಿನಿಂದ ಈಚೆಗೆ ಆತ ಬಿಚ್ಚಿದ ಜಾಗಗಳನ್ನು ಬೇರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ತೋರಿಸಿ. ಮೀಟರಿನ ಸೀಲಿಗೆ ಯಾರೂ ಕೈ ಹಾಕಕೂಡದು.

ಕ್ಲೀನಿಂಗಿನವರು ಆಸಿಡ್ ಹಾಕಿ ತಿಕ್ಕಿದ್ದರೆ ಹಾನಿ ಎರಡು ಸಲ ಬರುತ್ತದೆ. ಮಾರ್ಬಲ್ಲಿನ ಹೊಳಪು ಅವತ್ತೇ ಹೋಗುತ್ತದೆ. ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟನ್ನೂ ಆಸಿಡ್ ತಿನ್ನುವುದರಿಂದ ನೀರು ಇಳಿಯುವುದು ಮುಂದೊಂದು ದಿನ. ಆಗ ಯಾರಿಗೂ ಆಸಿಡ್ಡಿನ ನೆನಪಿರುವುದಿಲ್ಲ. ಸೋಲಾರ್ ಹೀಟರ್, ಡಿಶ್ ಕೂರಿಸಲು ತಾರಸಿಗೆ ಬೋಲ್ಟ್ ಹೊಡೆದಿದ್ದರೂ ಇದೇ ಪಾಡು. ಹೊಡೆದದ್ದು ಬೇಸಿಗೆಯಲ್ಲಿ, ಸೋರುವುದು ಮಳೆಗಾಲದಲ್ಲಿ.

ಜವಾಬ್ದಾರಿ ಯಾರದು?

ಕೆಲಸ ಮಾಡಿದ ಹುಡುಗನದಲ್ಲ, ನೀವು ಯಾರ ಜೊತೆ ಮಾತಾಡಿ ದುಡ್ಡು ಕೊಟ್ಟಿರೋ ಅವರದು. ಮೇಸ್ತ್ರಿ ಕಳಿಸಿದ ಹುಡುಗ ಒಡೆದರೆ ಮೇಸ್ತ್ರಿಯನ್ನೇ ಕೇಳಿ. ಇಂಟೀರಿಯರ್ ಕಂಪನಿಯ ಮೂಲಕ ಬಂದಿದ್ದರೆ ಕಂಪನಿಯನ್ನು. ಮೊಬೈಲ್ ಆ್ಯಪಿನಲ್ಲಿ ಬುಕ್ ಮಾಡಿದ್ದರೆ ಮೊದಲು ಆ್ಯಪಿನೊಳಗೇ ದೂರು ದಾಖಲಿಸಿ. ಕೆಲವು ಆ್ಯಪುಗಳು ಹಾನಿಗೆ ಇಂತಿಷ್ಟರವರೆಗೆ ಭರಿಸುತ್ತೇವೆ ಎಂದು ನಿಯಮಗಳಲ್ಲಿ ಬರೆದಿರುತ್ತವೆ, ಅದಕ್ಕೆ ಗಡುವೂ ಇರುತ್ತದೆ. "ನಾವು ಬರೀ ಮಧ್ಯವರ್ತಿ" ಎಂಬ ಉತ್ತರ ಬಂದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಫಿಟ್ಟಿಂಗು ನೀವೇ ತಂದುಕೊಟ್ಟದ್ದಾಗಿ ಅದೇ ಒಡೆದಿದ್ದರೆ ಪ್ಲಂಬರಿಗಿಂತ ಮೊದಲು ಅಂಗಡಿಯ ಬಿಲ್ ಹುಡುಕಿ.

ಬಾಡಿಗೆ ಮನೆಯಾದರೆ ಓನರಿಗೆ ಅವತ್ತೇ ತಿಳಿಸಿ. ಹೊಸ ಫ್ಲ್ಯಾಟಾದರೆ ಇನ್ನೊಂದು ಎಚ್ಚರ ಬೇಕು: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಣುವ ಕಟ್ಟಡದ, ಕೆಲಸಗಾರಿಕೆಯ ದೋಷಗಳನ್ನು ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಸೋರುತ್ತಿದೆಯೆಂದು ನೀವೇ ಯಾರನ್ನೋ ಕರೆಸಿ ಒಡೆಸಿದಿರೋ, "ನೀವೇ ಕೈ ಹಾಕಿ ಕೆಡಿಸಿದ್ದೀರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮನೆಗೆ ವಿಮೆ ಇದ್ದರೆ ಒಡೆಸುವ ಮೊದಲೇ ವಿಮಾ ಕಂಪನಿಗೆ ತಿಳಿಸಿ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳಲ್ಲೂ ಸಿಗುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟ್ಯಾಂಕು, ಪೈಪು ಒಡೆದು ಆದ ಹಾನಿಗೆ ರಕ್ಷಣೆ ಇದೆ. ನಿಧಾನಕ್ಕೆ ಒಸರಿದ ತೇವಕ್ಕೆ ಸಾಮಾನ್ಯವಾಗಿ ದುಡ್ಡು ಹುಟ್ಟುವುದಿಲ್ಲ.

ಮಾತುಕತೆ

ಮೊದಲ ಫೋನ್ ಕರೆಯಲ್ಲಿ ಆರೋಪ ಇರಬಾರದು, ಬಂದು ನೋಡಿ ಎಂಬ ಕರೆ ಮಾತ್ರ ಇರಬೇಕು. ಹೀಗೆ ಹೇಳಿ ನೋಡಿ:

"ಅಣ್ಣಾ, ನೀವು ಕೆಲಸ ಮಾಡಿದ್ರಲ್ಲ, ಆ ಬಾತ್‌ರೂಮಿನ ಕೆಳಗಡೆ ಒದ್ದೆ ಕಾಣ್ತಿದೆ. ಎಲ್ಲಿಂದ ಅಂತ ಇನ್ನೂ ಗೊತ್ತಿಲ್ಲ. ನೀವೇ ಒಂದ್ಸಲ ಬಂದು ನೋಡಿ. ನೀವು ಬರೋವರೆಗೂ ಬೇರೆಯವರ ಕೈಲಿ ಒಡೆಸಲ್ಲ."

"ಸಾರ್, ನಾನ್ ಹಾಕಿದ್ ಜಾಯಿಂಟ್ ಹೋಗೋ ಚಾನ್ಸೇ ಇಲ್ಲ. ಅದು ಹಳೇ ಲೈನ್ದೇ ಇರ್ಬೇಕು."

"ಇರಬಹುದು ಅಣ್ಣಾ. ಅದಕ್ಕೇ ಇಬ್ರೂ ಸೇರಿ ನೋಡೋಣ ಅಂತಿರೋದು. ಶನಿವಾರ ಬೆಳಿಗ್ಗೆ ಆಗುತ್ತಾ, ಭಾನುವಾರನಾ?"

ಕೊನೆಯ ಪ್ರಶ್ನೆ ಮುಖ್ಯ. ಬರುತ್ತೀರಾ ಎಂದು ಕೇಳಬೇಡಿ, ಯಾವತ್ತು ಎಂದು ಕೇಳಿ. "ನೀವೇ ನೋಡಿ" ಅಂದಾಗ ಆತನ ಕೆಲಸದ ಹೆಮ್ಮೆಗೆ ಪೆಟ್ಟು ಬೀಳುವುದಿಲ್ಲ. ಎಷ್ಟೋ ಮೇಸ್ತ್ರಿಗಳು ಬಂದು, ನೋಡಿ, ಮರುಮಾತಿಲ್ಲದೆ ಸರಿ ಮಾಡಿಕೊಟ್ಟು ಹೋಗುತ್ತಾರೆ. ಅವರಿಗೂ ಆ ಬೀದಿಯ ಮುಂದಿನ ಮನೆಯ ಕೆಲಸ ಬೇಕು.

ಫೋನ್ ಇಟ್ಟ ಕೂಡಲೇ ಮಾತಾಡಿದ್ದನ್ನು ಮೆಸೇಜಿನಲ್ಲೂ ಹಾಕಿ: "ಇವತ್ತು ಫೋನಿನಲ್ಲಿ ಮಾತಾಡಿದಂತೆ, ನೀವು ಪೈಪ್ ಬದಲಾಯಿಸಿದ ಮಹಡಿ ಬಾತ್‌ರೂಮಿನ ಕೆಳಗೆ ತೇವ ಬಂದಿದೆ. ಫೋಟೋ ಕಳಿಸಿದ್ದೇನೆ. ಶನಿವಾರ 10 ಗಂಟೆಗೆ ಬಂದು ನೋಡುತ್ತೇನೆ ಎಂದಿದ್ದೀರಿ." ಇಷ್ಟು ಸಾಕು. ಇದರಲ್ಲಿ ಬೈಗುಳ ಇರಬಾರದು. ಮುಂದೊಂದು ದಿನ ಇದನ್ನು ಬೇರೆಯವರು ಓದಬಹುದು.

ಮಾಡಬಾರದ ಎರಡು ಕೆಲಸಗಳನ್ನೂ ಹೇಳಿಬಿಡುತ್ತೇನೆ. ಆತನ ಟೂಲ್ಸ್ ಚೀಲವನ್ನೋ ಬೈಕನ್ನೋ ಹಿಡಿದಿಟ್ಟುಕೊಳ್ಳುವುದು. ಆಗ ತಪ್ಪಿತಸ್ಥರು ನೀವಾಗುತ್ತೀರಿ. ಇನ್ನೊಂದು, ಪೊಲೀಸ್ ಹೆಸರು ಹೇಳಿ ಹೆದರಿಸುವುದು. ಬೇಕೆಂದೇ ಹಾಳು ಮಾಡಿದ್ದರೆ ಮಾತು ಬೇರೆ. ಅಜಾಗರೂಕತೆಯಿಂದ ಪೈಪು ಸೋರಿದ್ದು ಸಿವಿಲ್ ವ್ಯಾಜ್ಯ, ಠಾಣೆಯಲ್ಲೂ ಅದನ್ನೇ ಹೇಳಿ ಕಳಿಸುತ್ತಾರೆ. ಬಾಕಿ ಹಣ ಕೊಡುವುದಿದ್ದರೆ ಹಾನಿಗೆ ತಕ್ಕಷ್ಟನ್ನು, ಕಾರಣ ಬರೆದು ತಿಳಿಸಿ ತಡೆಹಿಡಿಯಬಹುದು. ಮೂರು ಸಾವಿರದ ಸೋರಿಕೆಗೆ ಮೂವತ್ತು ಸಾವಿರ ಹಿಡಿದರೆ ನಿಮ್ಮ ಪಕ್ಷವೇ ದುರ್ಬಲವಾಗುತ್ತದೆ.

ಎಷ್ಟು ಕೇಳುವುದು?

ಇಬ್ಬರಿಂದ ಬರಹದಲ್ಲಿ ಕೊಟೇಶನ್ ತರಿಸಿ. ಜಾಯಿಂಟ್ ಸರಿಮಾಡುವುದು, ಅದಕ್ಕಾಗಿ ಒಡೆದ ಟೈಲ್ಸ್, ಕೆಳಗಿನ ಸೀಲಿಂಗಿನ ಪ್ಲಾಸ್ಟರಿಂಗ್ ಮತ್ತು ಪೇಂಟ್, ನೆನೆದು ಹಾಳಾದ ಸಾಮಾನು, ಪರೀಕ್ಷೆ ಮಾಡಿಸಿದ ಫೀಸು. ಇಷ್ಟು ಕೇಳಬಹುದು. ಹದಿನೈದು ವರ್ಷದ ಟೈಲ್ಸ್ ಎರಡು ಒಡೆದವೆಂದು ಇಡೀ ಬಾತ್‌ರೂಮ್ ಹೊಸದು ಮಾಡಿಸಿಕೊಡಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅದೇ ಡಿಸೈನ್ ಈಗ ಸಿಗುವುದಿಲ್ಲ ಎಂಬ ತೊಡಕು ನಿಜವೇ. ಒಂದು ಗೋಡೆಯಷ್ಟನ್ನು ಬೇರೆ ಬಣ್ಣದಲ್ಲಿ ಹಾಕಿಸುವ ಮಾತು ಆಗ ಕೆಲಸಕ್ಕೆ ಬರುತ್ತದೆ.

ದಿನಗೂಲಿ ಮಾಡುವವರಾದರೆ ನಗದು ಕೇಳುವುದಕ್ಕಿಂತ ಕೂಲಿ ಕೇಳುವುದು ಮೇಲು: "ಮಟೀರಿಯಲ್ ನಾನು ತರುತ್ತೇನೆ, ಕೆಲಸ ನೀವು ಬಿಟ್ಟಿ ಮಾಡಿಕೊಡಿ." ಆತನ ಜೇಬಿನಲ್ಲಿ ಇಲ್ಲದ ದುಡ್ಡಿಗಾಗಿ ವರ್ಷಗಟ್ಟಲೆ ಓಡಾಡುವುದಕ್ಕಿಂತ ಎರಡು ದಿನದ ಕೆಲಸ ಕೈಗೆ ಬರುತ್ತದೆ. ಕಂಪನಿಯ ಜೊತೆ ವ್ಯವಹರಿಸುವಾಗ ಈ ಮೃದುತ್ವದ ಅಗತ್ಯ ಇಲ್ಲ.

ಒಪ್ಪಂದವಾದರೆ ಒಂದು ಬಿಳಿ ಹಾಳೆಯಲ್ಲಿ ಬರೆಯಿರಿ: ಯಾವ ಹಾನಿ, ಯಾರು ಏನು ಮಾಡಿಕೊಡುತ್ತಾರೆ, ಯಾವ ತಾರೀಕಿನೊಳಗೆ, ಮತ್ತೆ ಸೋರಿದರೆ ಎಷ್ಟು ತಿಂಗಳವರೆಗೆ ಜವಾಬ್ದಾರಿ. ಇಬ್ಬರ ಸಹಿ, ಇಬ್ಬರ ಫೋನಿನಲ್ಲೂ ಫೋಟೋ. ಜೊತೆಗೆ ಒಂದು ಷರತ್ತು ಬಿಡಬೇಡಿ: ಟೈಲ್ಸ್ ಮುಚ್ಚುವ ಮೊದಲು ಲೈನಿಗೆ ಹ್ಯಾಂಡ್ ಪಂಪಿನಿಂದ ಪ್ರೆಶರ್ ಟೆಸ್ಟ್ ಆಗಬೇಕು, ಗೇಜಿನ ಮುಳ್ಳು ಇಳಿಯದೆ ನಿಂತದ್ದನ್ನು ನೀವು ಕಣ್ಣಾರೆ ನೋಡಬೇಕು.

ಒಪ್ಪದಿದ್ದರೆ

ಮೊದಲು ನೋಟಿಸ್. ವಕೀಲರೇ ಬೇಕೆಂದಿಲ್ಲ. ಕೆಲಸ ಮಾಡಿಸಿದ ದಿನ, ಕೊಟ್ಟ ಹಣ, ಆದ ಹಾನಿ, ಪರೀಕ್ಷೆಯಲ್ಲಿ ಕಂಡದ್ದು, ಕೇಳುತ್ತಿರುವ ಮೊತ್ತ, ಉತ್ತರಕ್ಕೆ 15 ದಿನ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಲ್ಲಿಯೇ ಹೆಚ್ಚಿನವರು ಎಡವುವುದು, ವಿಳಾಸವೇ ಗೊತ್ತಿರುವುದಿಲ್ಲ! ಫೋನಿನಲ್ಲಿ "ಪ್ಲಂಬರ್ 2" ಎಂದು ಸೇವ್ ಆಗಿರುವವನಿಗೆ ನೋಟಿಸ್ ಕಳಿಸುವುದೆಲ್ಲಿಗೆ? ಯುಪಿಐ ರಸೀದಿಯಲ್ಲಿ ಪೂರ್ತಿ ಹೆಸರು ಸಿಗುತ್ತದೆ, ಆತ ಸಾಮಾನು ಕೊಳ್ಳುವ ಹಾರ್ಡ್‌ವೇರ್ ಅಂಗಡಿಯಲ್ಲಿ ಊರು, ಬೀದಿ ಸಿಗುತ್ತದೆ.

ನೋಟಿಸಿನ ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಂಪನಿ, ಆ್ಯಪುಗಳ ವಿಷಯದಲ್ಲಿ ಇದು ಕೆಲಸ ಮಾಡುತ್ತದೆ, ಒಬ್ಬಂಟಿ ಕೆಲಸಗಾರನ ವಿಷಯದಲ್ಲಿ ಅಷ್ಟಾಗಿ ಇಲ್ಲ.

ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿಮಗೆ ಅನುಕೂಲವಾದ ಮಾತು ಹಲವಿವೆ. ಹಣ ಕೊಟ್ಟು ಮಾಡಿಸಿದ ಪ್ಲಂಬಿಂಗ್, ವೈರಿಂಗ್, ಪೇಂಟಿಂಗ್ ಎಲ್ಲವೂ ಸೇವೆಯೇ, ಅದರಲ್ಲಿನ ಕೊರತೆಗೆ ದೂರು ಕೊಡಬಹುದು. ಬಿಟ್ಟಿ ಮಾಡಿಕೊಟ್ಟ ನೆಂಟರ ಮೇಲೆ ಮಾತ್ರ ಆಗುವುದಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ಸರಿ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವೇ ಇಲ್ಲ. ಹಾನಿ ಎಷ್ಟಾಯಿತು ಎಂಬುದಲ್ಲ, ಸೇವೆಗೆ ಎಷ್ಟು ಕೊಟ್ಟಿರಿ ಎಂಬುದೇ ಇಲ್ಲಿ ಲೆಕ್ಕ. ವಕೀಲರಿಲ್ಲದೆ ನೀವೇ ವಾದಿಸಬಹುದು. 2025ರ ಜನವರಿಯಿಂದ ಇರುವ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಗಡುವು ಮಾತ್ರ ಗಟ್ಟಿ: ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷ. "ಇವತ್ತು ಬರ್ತೀನಿ, ನಾಳೆ ಬರ್ತೀನಿ" ಅನ್ನಿಸಿಕೊಳ್ಳುತ್ತಾ ಈ ಎರಡು ವರ್ಷ ಕಳೆದವರಿದ್ದಾರೆ.

ಕಾಯ್ದೆ ಮೂರರಿಂದ ಐದು ತಿಂಗಳಲ್ಲಿ ತೀರ್ಮಾನಕ್ಕೆ ಪ್ರಯತ್ನಿಸಬೇಕು ಅನ್ನುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂದುಕೊಂಡೇ ಹೋಗಿ. ಆಯೋಗವೇ ಮಧ್ಯಸ್ಥಿಕೆಗೆ ಕಳಿಸುವ ಅವಕಾಶವಿದೆ, ಸಣ್ಣ ಮೊತ್ತಕ್ಕೆ ಅದನ್ನು ಒಪ್ಪಿಕೊಳ್ಳುವುದು ಜಾಣತನ. ಆಯೋಗದಲ್ಲಿ ಬಿದ್ದುಹೋಗುವುದು ಬಹುಮಟ್ಟಿಗೆ ಹಾನಿಯನ್ನು ತೋರಿಸಿ ಕಾರಣವನ್ನು ತೋರಿಸದ ದೂರುಗಳು. ಸೀಲಿಂಗಿನ ಫೋಟೋ ಇಪ್ಪತ್ತಿದ್ದು ಆ ಜಾಯಿಂಟಿನ ಫೋಟೋ ಒಂದೂ ಇಲ್ಲದಿದ್ದರೆ ಎದುರು ಪಕ್ಷಕ್ಕೆ "ಮಳೆಯಿಂದ ಆಗಿದ್ದು" ಅನ್ನುವ ಒಂದು ವಾಕ್ಯ ಸಾಕು.

ಹತ್ತಿಪ್ಪತ್ತು ಸಾವಿರದ ವಿಷಯ, ಎದುರಿಗಿರುವವರು ಊರಿನವರೇ ಎಂದಾದರೆ ನಾನು ಆಯೋಗಕ್ಕಿಂತ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ತಟ್ಟಿ ಎನ್ನುತ್ತೇನೆ. ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, ಸಹಾಯವಾಣಿ 15100. ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಖರ್ಚಿಲ್ಲ. ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಅರ್ಜಿಯ ಜೊತೆ ಪೆನ್ಸಿಲ್ ಗೆರೆಯ ಫೋಟೋಗಳು, ಇಂಜಿನಿಯರ್ ಬರೆದ ಪತ್ರ, ಎರಡು ಕೊಟೇಶನ್, ಯುಪಿಐ ರಸೀದಿ ಮತ್ತು ಮೆಸೇಜುಗಳ ಪ್ರಿಂಟ್ ಲಗತ್ತಿಸಿ. ಕವರಿನಲ್ಲಿಟ್ಟ ಎಲ್ಬೋವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.